ಕೆನೆಬಣ್ಣದ ಲೆವೆಲ್

ಮಾರ್ಚ್ 3, ಮಂಗಳವಾರ. ಸಂಜೆ 7

ಮತ್ತೆ ಅದೇ. ಬಾಗಿಲು ತೆಗೆಯುವ ಮೊದಲೇ ಕೇಳಿಸಿತು — ಪಚಕ್, ಪಚಕ್, ಪಚಕ್. ಇವರು ಕಂಪ್ಯೂಟರ್ ಮುಂದೆ. ಬೆಳಗ್ಗೆ ನಾನು ಕೆಲಸಕ್ಕೆ ಹೊರಟಾಗ ಯಾವ ಪೈಜಾಮ, ಯಾವ ಬನಿಯನ್ನೋ ಈಗಲೂ ಅದೇ. ಮೂವತ್ತು ಚಿಲ್ಲರೆ ವರ್ಷ ಮನೆ ಮನೆ ತಿರುಗಿ ನೀರಿನ ಮೀಟರ್ ಓದಿದ ಮನುಷ್ಯ. ರಿಟೈರಾದ ಮೇಲೆ ಪುಸ್ತಕ ಓದುತ್ತೇನೆ, ಕುಂಡದಲ್ಲಿ ಗಿಡ ಹಾಕುತ್ತೇನೆ ಅಂದಿದ್ದರು. ಈಗ ಬಣ್ಣ ಬೆರೆಸುತ್ತಿದ್ದಾರೆ.

ಆಟದ ಹೆಸರೇ ‘ಬಣ್ಣ ಬೆರೆಸು’. ಮಗಳು ಗಂಡನ ಮನೆಗೆ ಹೋಗುವಾಗ ಬಿಟ್ಟುಹೋದ ಹಳೇ ಕಂಪ್ಯೂಟರಿನಲ್ಲಿ ಅವಳೇ ಹಾಕಿಕೊಟ್ಟಿದ್ದು, ಅಪ್ಪನಿಗೆ ಹೊತ್ತು ಹೋಗಲಿ ಎಂದು. ಪರದೆಯ ಮೇಲೆ ಬೇಕಾದ ಬಣ್ಣ ತೋರಿಸುತ್ತಾರೆ. ಕೆಳಗೆ ನಾಲ್ಕಾರು ಜಾಡಿ. ಹನಿ ಹನಿ ಹಾಕಿ ಅದೇ ಬಣ್ಣ ಬರಿಸಬೇಕು. ನೂರಕ್ಕೆ ತೊಂಬತ್ತು ಹೊಂದಿದರೆ ಮುಂದಿನ ಲೆವೆಲ್. ಇಷ್ಟೇ. ಇಷ್ಟಕ್ಕೆ ಮಧ್ಯದಲ್ಲೊಂದು ಗೊಂಬೆ — ಲೋಳೆಯ ಮುದ್ದೆ, ಎರಡು ಕಣ್ಣು, ಉದ್ದ ನಾಲಿಗೆ. ಬಣ್ಣ ಹೊಂದಿದರೆ ಜಾಡಿಯನ್ನು ನೆಕ್ಕಿ ಜೊಲ್ಲು ಸುರಿಸುತ್ತ ‘ವಾವ್’ ಅನ್ನುತ್ತದೆ. ಹೊಂದದಿದ್ದರೆ ‘ಥೂ’ ಎಂದು ಉಗಿಯುತ್ತದೆ. ಪರದೆಯ ತುಂಬ ಉಗುಳು ಇಳಿಯುತ್ತದೆ. ಇದನ್ನು ಮಾಡಿದವರು ಊಟ ಮಾಡುವ ಮನುಷ್ಯರೇ? ನಾನು ಅದಕ್ಕೆ ಜೊಲ್ಲುಬುರುಕ ಎಂದು ಹೆಸರಿಟ್ಟಿದ್ದೇನೆ. ಇವರಿಗೆ ಅದರ ಮೇಲೆ ಮೊಮ್ಮಗನ ಮಮಕಾರ.

ದಿನವಿಡೀ ಊರವರ ಬಾಯಿಯ ಅಚ್ಚು ತೊಳೆದು ಮನೆಗೆ ಬಂದರೆ ಇಲ್ಲೂ ಜೊಲ್ಲು.

ನಾನು ಕೃತಕ ಹಲ್ಲು ಮಾಡುವ ಲ್ಯಾಬಿಗೆ ಇವತ್ತು ಒಂದು ಕ್ಯಾಪ್ ವಾಪಸ್. ಮುಂದಿನ ಹಲ್ಲಿನದು. ಜೊತೆಗೆ ಚೀಟಿ — ‘ಪಕ್ಕದ ಹಲ್ಲಿಗಿಂತ ಹಳದಿ.’ ಹಳದಿಯಂತೆ. ಆ ಡಾಕ್ಟರ್ ಕುರ್ಚಿಯ ಮೇಲೆ ಹಾಕಿಕೊಂಡಿರುವ ದೀಪದಲ್ಲಿ ಹಾಲೂ ಹಳದಿಯೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮಾರ್ಚ್ 5, ಗುರುವಾರ

ಇನ್ನೂ ಎರಡು ವಾಪಸ್. ಬೇರೆ ಬೇರೆ ಡಾಕ್ಟರುಗಳು. ಮಾತಾಡಿಕೊಂಡು ಮಾಡುತ್ತಿದ್ದಾರೋ ಏನೋ.

ನನ್ನ ಕ್ರಮದಲ್ಲಿ ಎಳ್ಳಷ್ಟು ತಪ್ಪಿಲ್ಲ. ಬೆಳಗ್ಗೆ ಕಿಟಕಿಯ ಬೆಳಕು ನೆಟ್ಟಗಾಗುವವರೆಗೆ ಹಲ್ಲಿನ ಬಣ್ಣದ ಶೇಡ್ ನೋಡುವುದೇ ಇಲ್ಲ. ಮೊದಲು ನೀಲಿ ರಟ್ಟು ನೋಡಿ ಕಣ್ಣು ತಣಿಸಿಕೊಳ್ಳುತ್ತೇನೆ. ಶೇಡ್ ಗೈಡಿನ ಮಾದರಿ ಹಲ್ಲನ್ನು ಒದ್ದೆ ಮಾಡುತ್ತೇನೆ, ಬಾಯಲ್ಲಿ ಹಲ್ಲು ಒಣಗಿರುವುದಿಲ್ಲವಲ್ಲ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿ, ಐದು ಎಣಿಸುವಷ್ಟರಲ್ಲಿ ತೀರ್ಮಾನ. ಹೆಚ್ಚು ಹೊತ್ತು ನೋಡಿದರೆ ಕಣ್ಣು ಸುಳ್ಳು ಹೇಳತೊಡಗುತ್ತದೆ. ಇಪ್ಪತ್ತಾರು ವರ್ಷ ಹೀಗೇ ಬಿಳಿಗೆ ಹಳದಿ, ಹಳದಿಗೆ ಬೂದು ಬೆರೆಸಿ ಹಲ್ಲು ಮಾಡಿದ್ದೇನೆ. ಊರಿನಲ್ಲಿ ಎಷ್ಟು ಜನ ನನ್ನ ಹಲ್ಲು ಹಾಕಿಕೊಂಡು ನಗುತ್ತಿದ್ದಾರೋ. ಒಬ್ಬರ ಹಲ್ಲೂ ನನ್ನದೆಂದು ಗುರುತು ಸಿಗುವುದಿಲ್ಲ. ಅದೇ ನನ್ನ ಹೆಚ್ಚುಗಾರಿಕೆ.

ಓನರ್ ನನ್ನ ಟೇಬಲ್ಲಿಗೇ ಬಂದರು. ವಾಪಸ್ ಬಂದ ಕ್ಯಾಪನ್ನೂ ಮಾದರಿ ಹಲ್ಲನ್ನೂ ಪಕ್ಕಪಕ್ಕ ಹಿಡಿದು, ವ್ಯತ್ಯಾಸ ಕಾಣುತ್ತಿದೆಯಲ್ಲ ಮೇಡಂ ಅಂದರು. ಭೂತಗನ್ನಡಿ ಹಾಕಿ ನೋಡಿದೆ. ಎರಡೂ ಒಂದೇ. ಏನೂ ಕಾಣಲಿಲ್ಲ. ಕಾಣುತ್ತಿದೆ ಅಂದೆ. ಅವರಿಗೆ ಕಂಡದ್ದು ನನಗೆ ಕಾಣುವುದಿಲ್ಲ ಎಂದು ಹೇಗೆ ಹೇಳುವುದು?

“ಹಾಗಾದ್ರೆ ತಪ್ಪು ಎಲ್ಲಾಗ್ತಿದೆ?”

“ಬೆರೆಸೋದ್ರಲ್ಲಿ ಅಲ್ಲ. ಸುಡೋದ್ರಲ್ಲಿ.”

ಬಾಯಿಂದ ಹೊರಟೇ ಹೋಯಿತು. ಹೊರಟ ಮೇಲೆ ಅದೇ ನಿಜ ಅನಿಸಿತು. ನಾನು ಪಿಂಗಾಣಿ ಪುಡಿ ಬೆರೆಸಿ ಪದರ ಕಟ್ಟಿ ಕೊಡುತ್ತೇನೆ. ಅದನ್ನು ಫರ್ನೇಸಿನಲ್ಲಿಟ್ಟು ಸುಟ್ಟು, ನೋಡಿ, ಪ್ಯಾಕ್ ಮಾಡುವವನು ದುಂಬಿ. ಶಾಖ ತುಸು ಹೆಚ್ಚುಕಡಿಮೆಯಾದರೂ ಬಣ್ಣ ಕೆಡುತ್ತದೆ. ದುಂಬಿ ಅನ್ನುವುದು ನಾನಿಟ್ಟ ಹೆಸರು, ಈ ಡೈರಿಯ ಹೊರಗೆ ಯಾರಿಗೂ ಗೊತ್ತಿಲ್ಲ. ಹದಿನಾಲ್ಕು ವರ್ಷದಿಂದ ನನ್ನ ಬೆನ್ನ ಹಿಂದೆ ಕೂತು ಅದೇ ಒಂದು ಹಾಡು ಗುಂಯ್ ಗುಂಯ್ ಎಂದು ಗುನುಗುತ್ತಾನೆ, ಅದೂ ಅಪಸ್ವರದಲ್ಲಿ. ಅಚ್ಚು ಮುಟ್ಟಿದ ಕೈಯಲ್ಲೇ ಬಿಸ್ಕತ್ತು ಚಹಾಕ್ಕೆ ಅದ್ದುತ್ತಾನೆ. ನೆನೆದ ಅರ್ಧ ಬಿಸ್ಕತ್ತು ಲೋಟದೊಳಗೆ ಬಿದ್ದರೆ ಬೆರಳು ಹಾಕಿ ತೆಗೆಯುತ್ತಾನೆ. ಇಂಥವನ ಕೈಯಲ್ಲಿ ಶಾಖ ನೆಟ್ಟಗಿರುತ್ತದೆಯೇ?

ಮಾರ್ಚ್ 8, ಭಾನುವಾರ. ರಾತ್ರಿ

ಮನಸ್ಸು ಕೆಟ್ಟಿದೆ. ಒಂದು ಆಟದ ದೆಸೆಯಿಂದ.

ಇವರು ಎರಡು ದಿನದಿಂದ ಒಂದು ಲೆವೆಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕೆನೆಬಣ್ಣದ ಲೆವೆಲ್. ಬಿಳಿ, ಹಳದಿ, ಒಂದಿಷ್ಟು ಬೂದು, ಇನ್ನೊಂದಿಷ್ಟು ಕಂದು. “ಲೇ, ನೀನು ಬಣ್ಣದೋಳು. ಇದೊಂದು ದಾಟಿಸಿ ಕೊಡೆ” ಅಂತ ಬೆಳಗ್ಗಿನಿಂದ ಗೋಗರೆದರು. ನನಗೆ ನಗು. ಇದು ನನ್ನ ಅನ್ನ. ಜೊಲ್ಲುಬುರುಕನಿಗೂ ಒಂದು ಪಾಠವಾಗಲಿ ಎಂದು ಕೂತೆ. ಅಭ್ಯಾಸಬಲ ನೋಡಿ, ಬಣ್ಣದ ಮುಂದೆ ಕೂತರೆ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

“ಅದಕ್ಕೆ ಕಣ್ಣು ಹೊಡೀತಿದೀಯಾ?” ಅಂದರು ಇವರು.

ಬಿಳಿ ಆರು ಹನಿ. ಹಳದಿ ಒಂದು. ಸಾಲದು ಅನಿಸಿತು, ಇನ್ನೊಂದು. ಆಯಿತು, ತದ್ರೂಪ. ಗುಂಡಿ ಒತ್ತಿದೆ. ಅರವತ್ತೆರಡು. ಥೂ.

ಮುಖಕ್ಕೆ ಉಗಿಸಿಕೊಂಡ ಹಾಗಾಯಿತು. ಮತ್ತೆ ಆಡಿದೆ. ಐವತ್ತೆಂಟು. ಥೂ. ಈ ಆಟವೇ ಮೋಸ, ಜಾಹೀರಾತು ನೋಡಿಸಲು ಬೇಕೆಂದೇ ಸೋಲಿಸುತ್ತಾರೆ ಅಂದೆ. ಪರದೆಗೆ ಧೂಳು ಹಿಡಿದಿದೆ ಅಂದೆ. ಒದ್ದೆ ಬಟ್ಟೆ ತಂದು ಒರೆಸಿದೆ. ಬೂದು ಬಣ್ಣದ ಕೊಳೆ ಬಂತು, ಬೆರಳಿನ ಎಣ್ಣೆ, ಬಿಸ್ಕತ್ತಿನ ಪುಡಿ, ಇವರ ಸೀನು... ಹೇಸಿಗೆ. ಒರೆಸಿದ ಮೇಲೂ ಅರವತ್ತು.

ಇವರು ನನ್ನನ್ನು ಎಬ್ಬಿಸಿ ತಾವು ಕೂತರು. ನನ್ನ ಬಣ್ಣ ನೋಡಿ, “ತುಂಬಾ ಹಳದಿ ಆಗಿದೆಯಲ್ಲೇ” ಅಂದರು. ಒಂದು ಹನಿ ತೆಗೆದರು, ಕಂದಿನ ಒಂದು ಚುಕ್ಕೆ ಹಾಕಿದರು. ತೊಂಬತ್ತೈದು. ಮೀಟರ್ ಓದುವವರು. ಜೊಲ್ಲುಬುರುಕ ನೆಕ್ಕಿದ್ದೇ ನೆಕ್ಕಿದ್ದು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂದರು, ನಗುತ್ತ. ನಾನು ನಗಲಿಲ್ಲ. ಸಂಜೆ ಚಹಾ ಮಾಡಲಿಲ್ಲ. ಅವರೇ ಮಾಡಿಕೊಂಡರು.

ಮಾರ್ಚ್ 10, ಮಂಗಳವಾರ. ಸಂಜೆ 6

ಇವರು ತರಕಾರಿಗೆ ಹೋಗಿದ್ದಾರೆ. ಆಡಿದೆ. ಯಾರಿಗೂ ಹೇಳಬಾರದ ಕೆಲಸದ ಹಾಗೆ, ಸೌಂಡ್ ಕಡಿಮೆ ಮಾಡಿ. ಕೆಂಪು ಹಸಿರುಗಳ ಲೆವೆಲ್ಲುಗಳು ಬೆಣ್ಣೆಯ ಹಾಗೆ ಹೋದವು. ಕೆನೆಬಣ್ಣ ಬಂತು. ಐವತ್ತೊಂಬತ್ತು.

ಥೂ.

ಯಕಶ್ಚಿತ್ ಲೋಳೆ ಮುದ್ದೆ. ನಾನು ಅಲ್ಲೇ ಎದ್ದು ಸ್ವಿಚ್ ತೆಗೆದೆ.

ಮಾರ್ಚ್ 13, ಶುಕ್ರವಾರ

ಈ ವಾರ ನಾಲ್ಕು ವಾಪಸ್. ಒಬ್ಬ ಡಾಕ್ಟರ್ ಬೇರೆ ಲ್ಯಾಬಿಗೆ ಕೊಡುತ್ತೇನೆ ಎಂದು ಫೋನಿನಲ್ಲಿ ಹೇಳಿದರಂತೆ. ಓನರ್ ದುಂಬಿಯನ್ನು ಕೋಣೆಗೆ ಕರೆದರು. ನನ್ನನ್ನೂ. ಬೆರೆಸಿ ಕೊಡುವಾಗ ಬಣ್ಣ ಸರಿ ಇತ್ತು ಎಂದು ಹೇಳಲು.

ಸರಿ ಇತ್ತು ಎಂದು ಹೇಳಿದೆ.

ದುಂಬಿ ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಮೊನ್ನೆಯೂ ಫರ್ನೇಸಿನಲ್ಲಿ ಬೆಳ್ಳಿ ತಂತಿ ಕರಗಿಸಿ ಶಾಖ ಪರೀಕ್ಷಿಸಿದ್ದೇನೆ, ಕರಗಬೇಕಾದ ಡಿಗ್ರಿಗೇ ಕರಗಿತು, ಸರಿಯಾಗಿಯೇ ಇದೆ ಎಂದು ಒಂದೇ ಸಲ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ. “ಅಕ್ಕನ ಕಣ್ಣಿಗೆ ಹಾಗೆ ಕಂಡಿದೆ ಅಂದ್ಮೇಲೆ...” ಅಂದ. ತಿಂಗಳ ಕೊನೆಗೆ ಅವನು ಕೆಲಸ ಬಿಡಬೇಕು. ಹೊಸಬ ಬರುತ್ತಾನೆ.

ಹಿಂದಿರುಗಿ ಬಂದು ಫರ್ನೇಸಿನ ಮುಂದೆ ಕೂತ. ಗುನುಗಲಿಲ್ಲ. ಹದಿನಾಲ್ಕು ವರ್ಷ ನಿಲ್ಲಲಿ ಎಂದು ಹಾರೈಸಿದ ಸದ್ದು ನಿಂತಿತು. ಬೆನ್ನಿಗೆ ಯಾರೋ ತಣ್ಣೀರು ಬಟ್ಟೆ ಹಾಕಿದ ಹಾಗೆ. ಇದೂ ಒಂದು ರೇಜಿಗೆ.

ಮಾರ್ಚ್ 19, ಗುರುವಾರ

ಬಲಗಣ್ಣಿಗೆ ಪಟ್ಟಿ. ಎಡಗಣ್ಣಿನಿಂದ ಬರೆಯುತ್ತಿದ್ದೇನೆ. ಸಾಲು ಓರೆ.

ಪ್ಲಾಸ್ಟರಿನ ಅಚ್ಚು ಉಜ್ಜುವಾಗ ಚೂರು ಸಿಡಿದು ಕಣ್ಣಿಗೆ ಬಿತ್ತು. ಕಿರುಚಿದೆ ಅನಿಸುತ್ತದೆ. ಎಲ್ಲರಿಗಿಂತ ಮೊದಲು ಓಡಿ ಬಂದವನು ದುಂಬಿ. ತಲೆ ಹಿಂದಕ್ಕೆ ಬಾಗಿಸಿ, ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ, ನೀರು ಹೊಯ್ದ. ಬೆರಳಿನಲ್ಲಿ ಬಿಸ್ಕತ್ತಿನ ವಾಸನೆ. ಉಜ್ಜಬೇಡಿ ಅಕ್ಕಾ, ಉಜ್ಜಬೇಡಿ ಅನ್ನುತ್ತಲೇ ಇದ್ದ. ಬೀದಿ ಕೊನೆಯ ಕ್ಲಿನಿಕ್ಕಿನವರೆಗೆ ಕೈಹಿಡಿದು ನಡೆಸಿದ. ನರ್ಸ್ ಚೂರು ತೆಗೆದು, ಔಷಧಿ ಹಾಕಿ, ಎರಡು ದಿನ ಪಟ್ಟಿ ಬಿಚ್ಚಬೇಡಿ ಅಂದಳು.

ನನ್ನ ಮಾತಿನಿಂದ ಕೆಲಸ ಹೋದ ಮನುಷ್ಯ. ರಸ್ತೆ ದಾಟುವಾಗ ತಾನು ವಾಹನಗಳ ಕಡೆಗೆ ನಿಂತ.

ಮಾರ್ಚ್ 20, ಶುಕ್ರವಾರ. ಬೆಳಗ್ಗೆ 11

ಕ್ರಮವಾಗಿ ಬರೆಯಬೇಕು.

ಮನೆಯಲ್ಲಿ ಒಬ್ಬಳೇ. ಪಟ್ಟಿ ಕಟ್ಟಿಕೊಂಡು ಏನು ಮಾಡುವುದು? ಓದಲಾಗದು. ಕಂಪ್ಯೂಟರ್ ಹಾಕಿದೆ. ಕೆನೆಬಣ್ಣದ ಲೆವೆಲ್ ತೆಗೆದೆ — ಹಳೇ ಹಗೆ. ಬಲಗಣ್ಣು ಮುಚ್ಚಿದೆ, ಎಡಗಣ್ಣೊಂದೇ. ಬಿಳಿ ಆರು ಹಾಕಿದೆ. ಹಳದಿ ಒಂದು. ಅಲ್ಲಿಗೇ ಕೈ ನಿಂತಿತು. ಇನ್ನು ಬೇಡ ಎಂದು ಕಣ್ಣೇ ಹೇಳಿತು. ಕಂದಿನ ಒಂದು ಚುಕ್ಕೆ ಬೇಕು ಎಂದೂ ಅದೇ ಹೇಳಿತು.

ತೊಂಬತ್ತೇಳು.

ಜೊಲ್ಲುಬುರುಕ ಜಾಡಿ ನೆಕ್ಕಿತು. ನಾಲಿಗೆ ಹೊರಳಿಸಿತು. ‘ವಾವ್.’

ಮತ್ತೆ ಆಡಿದೆ. ತೊಂಬತ್ತಾರು. ವಾವ್. ಅದರ ಮುಂದಿನದು, ಇವರು ಇನ್ನೂ ಮುಟ್ಟದ್ದು, ಮೊದಲ ಸಲಕ್ಕೇ ತೊಂಬತ್ತೆಂಟು. ವಾವ್. ವಾವ್. ಯಾರಾದರೂ ಅದರ ಬಾಯಿ ಮುಚ್ಚಿಸಬಾರದೇ?

ನರ್ಸ್ ಬೇಡ ಅಂದದ್ದನ್ನೇ ಮಾಡಿದೆ. ಪಟ್ಟಿ ಬಿಚ್ಚಿದೆ. ಉರಿ ಇತ್ತು, ನೀರು ಬಂತು, ಕಾದೆ. ಆಮೇಲೆ ಎಡಗಣ್ಣು ಮುಚ್ಚಿ ದಿಂಬಿನ ಬಿಳಿ ಚೀಲ ನೋಡಿದೆ. ಬಲಗಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ಅದು ಒಗೆದ ಬಟ್ಟೆ. ಬಲಗಣ್ಣಿಗೆ ಅಟ್ಟದ ಮೇಲಿನ ಹಳೇ ಪೇಪರ್. ಹಾಲಿನ ಲೋಟ ನೋಡಿದೆ. ಗೋಡೆ ನೋಡಿದೆ. ಕನ್ನಡಿಯಲ್ಲಿ ನನ್ನ ಹಲ್ಲು ನೋಡಿದೆ. ಬಲಗಣ್ಣಿನ ಲೋಕದ ಮೇಲೆ ಯಾರೋ ಚಹಾ ಚೆಲ್ಲಿದ್ದಾರೆ.

ಇಪ್ಪತ್ತಾರು ವರ್ಷದಿಂದ ಶೇಡ್ ನೋಡುವುದು ಆ ಕಣ್ಣಿನಿಂದ. ಇನ್ನೊಂದನ್ನು ಶಿಸ್ತಾಗಿ ಮುಚ್ಚಿಕೊಂಡು.

ಮಾರ್ಚ್ 21, ಶನಿವಾರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದ ಕೈ ಇದು. ಇದರಲ್ಲೇ ಅನ್ನ ಕಲಸಿ ತಿಂದೆ ಇವತ್ತು.

ಮಾರ್ಚ್ 24, ಮಂಗಳವಾರ

ಕೆಲಸಕ್ಕೆ ಹೋದೆ. ದಾರಿಯುದ್ದಕ್ಕೂ ಜನರ ಬಾಯಿ ನೋಡಿದೆ. ಬಸ್ಸಿನಲ್ಲಿ ಒಬ್ಬಾಕೆ ನಕ್ಕಳು, ಮುಂದಿನ ಹಲ್ಲು ಒಂದು ಬೇರೆ ಬಣ್ಣ. ನನ್ನದಿರಬಹುದು. ಹೋಗಿ ಬಾಯಿ ತೆರೆಸಿ ನೋಡಬೇಕೆನಿಸಿತು. ಊರಿನಲ್ಲಿ ಇನ್ನೆಷ್ಟು ಜನ ನನ್ನ ಹಳದಿ ಕಚ್ಚಿಕೊಂಡು ತಿರುಗುತ್ತಿದ್ದಾರೋ. ವಾಪಸ್ ಕಳಿಸಿದವರು ಕೆಲವರು. ಮಾತಾಡದೆ ನುಂಗಿಕೊಂಡವರು?

ಓನರಿಗೆ ಹೇಳುತ್ತೇನೆ ಎಂದೇ ಹೋದದ್ದು. ಅವರು ಒಬ್ಬ ಡಾಕ್ಟರಿಗೆ ಫೋನಿನಲ್ಲಿ, ನಮ್ಮ ಮೇಡಂ ಕಣ್ಣು ಅಂದ್ರೆ ಕಣ್ಣು ಸಾರ್, ಸುಡೋನನ್ನ ತೆಗೀತಿದೀವಿ ಅನ್ನುತ್ತಿದ್ದರು. ನನ್ನನ್ನು ಕಂಡು ಕೈ ಎತ್ತಿ ನಕ್ಕರು. ಸೀದಾ ನನ್ನ ಟೇಬಲ್ಲಿಗೆ ಬಂದೆ.

ಭೂತಗನ್ನಡಿಯನ್ನು ಎಡಗಣ್ಣಿಗೆ ಸಿಕ್ಕಿಸಿದೆ. ಹಿಡಿತ ಸಿಗಲಿಲ್ಲ, ಎರಡು ಸಲ ಬಿತ್ತು. ಬಲಗಣ್ಣಿಗೆ ಪೆಟ್ಟಾಗಿದೆಯಲ್ಲ, ಯಾರೂ ಯಾಕೆ ಎಂದು ಕೇಳಲಿಲ್ಲ. ಕಾರಣ ತಾನಾಗಿ ಒದಗಿ ಬಂದಿತ್ತು. ಎಷ್ಟು ಸಲೀಸು.

ಹಿಂದೆ ದುಂಬಿ ಫರ್ನೇಸಿನ ಬಾಗಿಲು ಒರೆಸುತ್ತಿದ್ದ. ಇನ್ನೊಂದು ವಾರಕ್ಕೆ ಬೇರೆಯವನ ಪಾಲಾಗುವ ಫರ್ನೇಸು.

ಮಾರ್ಚ್ 31, ಮಂಗಳವಾರ. ಸಂಜೆ 6.30

ದುಂಬಿಯ ಕೊನೆಯ ದಿನ. ಚೀಲದಲ್ಲಿ ಲೋಟ, ಟವೆಲ್ಲು, ಸ್ಟೂಲಿನ ಮೇಲೆ ಹಾಕಿಕೊಳ್ಳುತ್ತಿದ್ದ ಮೆತ್ತೆ. ಮೆತ್ತೆ ನಡುವೆ ತಗ್ಗಾಗಿದೆ. ಎಲ್ಲರಿಗೂ ಹೇಳಿ ಕೊನೆಗೆ ನನ್ನ ಹತ್ತಿರ ಬಂದ.

“ಅಕ್ಕಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಎಲ್ಲಿ ತಪ್ಪಿದೆ? ಬೆಳ್ಳಿ ತಂತಿ ಹಾಕಿ ಹಾಕಿ ನೋಡಿದೆ. ಶಾಖ ಸರೀನೇ ತೋರಿಸ್ತು. ಆದ್ರೆ ನಿಮ್ಮ ಕಣ್ಣು ಸುಳ್ಳು ಹೇಳಲ್ಲ. ಎಲ್ಲೋ ನನ್ನದೇ ತಪ್ಪಿರಬೇಕು. ಏನು ಅಂತ ಹೇಳಿದ್ರೆ ಮುಂದಿನ ಕಡೆ ಹಾಗೆ ಮಾಡಲ್ಲ.”

ಅಣಕವಿರಲಿಲ್ಲ. ಮುಖ ನೋಡಿದೆ, ಎರಡೂ ಕಣ್ಣಿಂದ. ನಿಜಕ್ಕೂ ತಿಳಿಯಬೇಕಿತ್ತು ಅವನಿಗೆ. ಪಾಠ ಕೇಳುವವನ ಹಾಗೆ ನಿಂತಿದ್ದ.

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಬೇರೆಲ್ಲೂ ಬರೆಯುವವಳಲ್ಲ.

“ಹೋಗಲಿ ಬಿಡಿ” ಅಂದೆ.

ಮನೆಗೆ ಬಂದು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಇವರು ಬಾಗಿಲ ಹೊರಗೆ ನಿಂತು ಏನಾಯ್ತೇ ಅಂದರು. ಹೊರಗಿನದು ಏನೋ ತಿಂದೆ ಅಂದೆ. ಇದು ಎಷ್ಟನೆಯ ಸುಳ್ಳು.

ಏಪ್ರಿಲ್ 7, ಮಂಗಳವಾರ

ಒಂದೂ ವಾಪಸ್ ಇಲ್ಲ. ನಾನು ಎಡಗಣ್ಣಿಂದ ಬೆರೆಸಿದ ಮೇಲೆ ಒಂದೂ ಇಲ್ಲ. ಆದರೆ ಲೆಕ್ಕ ಹಾಕುವವರು ಬೇರೆ ಥರ ಹಾಕುತ್ತಾರೆ. ಅವನು ಹೋದ, ತಪ್ಪು ನಿಂತಿತು. ಓನರ್ ಎಲ್ಲರಿಗೂ ಕೇಕ್ ತರಿಸಿದರು. “ಕೊನೆಗೂ ರೋಗ ಹೋಯ್ತು. ಮೇಡಂ ಮೊದಲೇ ಹೇಳಿದ್ರು” ಅಂದು ದೊಡ್ಡ ತುಂಡು ನನಗೆ ಕೊಟ್ಟರು. ತಿಂದೆ. ಕೆನೆ ಕೈಗೆ ಅಂಟಿತು. ಯಾವ ಶೇಡ್ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು, ಆ ಹೊತ್ತಿನಲ್ಲೂ.

ಹೊಸಬ ಗುನುಗುವುದಿಲ್ಲ, ಬಿಸ್ಕತ್ತು ತಿನ್ನುವುದಿಲ್ಲ, ಕೈ ತೊಳೆದುಕೊಳ್ಳುತ್ತಾನೆ. ನನಗೆ ಅವನ ಮೇಲೆ ಒಂದು ದೂರೂ ಇಲ್ಲ.

ಇನ್ನೊಂದು ಲ್ಯಾಬಿನಿಂದ ಓನರಿಗೆ ಫೋನ್ ಬಂದಿತ್ತಂತೆ, ದುಂಬಿ ಕೆಲಸ ಕೇಳಿಕೊಂಡು ಹೋಗಿದ್ದ ಕಡೆಯಿಂದ. “ಇದ್ದದ್ದು ಇದ್ದ ಹಾಗೆ ಹೇಳಿದೆ ಮೇಡಂ, ಬಣ್ಣ ಕೆಡಿಸ್ತಾನೆ ಅಂತ” ಅಂದರು ಓನರ್, ಕೇಕಿನ ಬಾಯಲ್ಲಿ.

ಇದು ನಿಲ್ಲುವುದಿಲ್ಲ. ನಾನು ಸುಮ್ಮನಿದ್ದಷ್ಟೂ ಅವನ ಬೆನ್ನು ಹತ್ತಿ ಹೋಗುತ್ತದೆ.

ಏಪ್ರಿಲ್ 9, ಗುರುವಾರ

ಇವರಿಗೆ ಹೇಳಿದೆ. ಎಲ್ಲ. ಬಿಕ್ಕುತ್ತ, ಮೂಗು ಸೀಟುತ್ತ, ಜೊಲ್ಲುಬುರುಕನಿಗಿಂತ ಅಸಹ್ಯವಾಗಿ.

ಇವರು ಆಟ ನಿಲ್ಲಿಸಿದರು. ಒಳಗೆ ಹೋಗಿ ನನ್ನ ಒಂದು ಜೊತೆ ಕಾಲುಚೀಲ ತಂದು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಪ್ಪು, ಒಂದು ಕಡುನೀಲಿ. ಎರಡು ಚಳಿಗಾಲ ಅವನ್ನೇ ಜೊತೆ ಎಂದು ಹಾಕಿಕೊಂಡು ಹೋಗಿದ್ದೇನೆ.

“ಗೊತ್ತಿದ್ದೂ ಯಾಕ್ರೀ ಹೇಳಲಿಲ್ಲ?”

“ಬಣ್ಣದ ವಿಚಾರದಲ್ಲಿ ನಿನಗೆ ತಪ್ಪು ಅನ್ನೋ ಧೈರ್ಯ ಈ ಊರಲ್ಲಿ ಯಾರಿಗಿದೆ? ಆಟದಲ್ಲಾದರೂ ತಿಳೀಲಿ ಅಂತ ಕೂರಿಸಿದೆ. ನೀನು ಪರದೆ ಒರೆಸಿದೆ.”

ಅಂದರೆ ಆ ಭಾನುವಾರ ಗೋಗರೆದದ್ದು ಲೆವೆಲ್ ದಾಟಲು ಅಲ್ಲ. ನಾನು ಚಹಾ ಕೊಡಲಿಲ್ಲ ಅವತ್ತು.

ಮಧ್ಯಾಹ್ನ ರಜೆ ಹಾಕಿ ಕಣ್ಣಾಸ್ಪತ್ರೆಗೆ ಹೋದೆವು. ಬಲಗಣ್ಣಿಗೆ ಪೊರೆ, ಚೆನ್ನಾಗಿ ಬಲಿತಿದೆ, ಹಳದಿಗೆ ತಿರುಗಿದೆ. ಎಡಗಣ್ಣಿಗೆ ಈಗಷ್ಟೇ ಶುರು. ಆಪರೇಷನ್ ಮಾಡಬಹುದು, ಹೆದರುವಂಥದ್ದೇನಿಲ್ಲ ಅಂದರು ಡಾಕ್ಟರ್. ಒಂದೆರಡು ವರ್ಷದಿಂದ ಇರಬೇಕು, ನಿಮ್ಮ ಕೆಲಸಕ್ಕೇನೂ ತೊಂದರೆ ಆಗಲಿಲ್ಲವೇ ಎಂದು ಕೇಳಿದರು.

ನನ್ನ ಕೆಲಸಕ್ಕೆ ಆಗಲಿಲ್ಲ ಅಂದೆ. ಅದು ನಿಜ.

ಏಪ್ರಿಲ್ 12, ಭಾನುವಾರ. ಸಂಜೆ

ದುಂಬಿ ಎಂದು ಇನ್ನು ಬರೆಯಲಾರೆ. ಅವರ ಮನೆಗೆ ಹೋಗಿ ಬಂದೆ.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಮೆಟ್ಟಿಲಲ್ಲಿ ಟೈರಿನ ವಾಸನೆ. ಅವರ ಹೆಂಡತಿ ಬಾಗಿಲು ತೆಗೆದರು. ಬಟ್ಟೆ ಹೊಲಿಯುತ್ತಿದ್ದರು, ಕುತ್ತಿಗೆಗೆ ಟೇಪು. ನಾನು ಯಾರೆಂದು ಹೇಳಿದೆ. ಮುಖ ಗಟ್ಟಿಯಾಯಿತು, ಆದರೂ ಕುರ್ಚಿ ಕೊಟ್ಟರು.

ಒಳಗಿಂದ ಬಂತು — ಪಚಕ್. ಪಚಕ್. ನನ್ನ ಮೈಯೆಲ್ಲ ಮುಳ್ಳು.

ಅವರು ಫೋನಿನಲ್ಲಿ ಅದನ್ನೇ ಆಡುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. “ಹೊತ್ತು ಹೋಗೋಕೆ ಅಲ್ಲ ಅಕ್ಕಾ. ಫರ್ನೇಸ್ ಸರಿ ಇತ್ತು ಅಂದ್ಮೇಲೆ ನನ್ನ ಕಣ್ಣೇ ಕೆಟ್ಟಿರಬೇಕಲ್ಲ. ಸುಟ್ಟಾದ್ಮೇಲೆ ನೋಡಿ ಪ್ಯಾಕ್ ಮಾಡ್ತಿದ್ದೋನು ನಾನೇ. ಅದಕ್ಕೆ ಇದರಲ್ಲಿ ಕಣ್ಣು ಪಳಗಿಸ್ಕೊಳ್ತಿದೀನಿ.”

ಎಷ್ಟು ಬರುತ್ತದೆ ಎಂದು ಕೇಳಿದೆ. ತೊಂಬತ್ತನಾಲ್ಕು, ತೊಂಬತ್ತೈದು ಬರುತ್ತದೆಯಂತೆ. ಆದರೂ ನಂಬಿಕೆ ಬರುತ್ತಿಲ್ಲವಂತೆ. ಅಕ್ಕನಿಗೆ ಕಂಡದ್ದು ಈ ಗೊಂಬೆಗೆ ಕಂಡೀತೇ ಎಂದು ಅನುಮಾನವಂತೆ.

ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಿಟ್ಟೆ. ಫೋನ್ ಕೊಡಿ ಅಂದೆ. ಕೆನೆಬಣ್ಣದ ಲೆವೆಲ್ ತೆಗೆದೆ. ಎಡಗಣ್ಣು ಮುಚ್ಚಿದೆ. ಕಾಟಾಚಾರಕ್ಕಲ್ಲ, ಮದುವೆ ಹೆಣ್ಣಿನ ಮುಂದಿನ ಹಲ್ಲು ಮಾಡುವಷ್ಟು ಶ್ರದ್ಧೆಯಿಂದ ಒಂದೊಂದೇ ಹನಿ ಹಾಕಿದೆ. ಇಪ್ಪತ್ತಾರು ವರ್ಷದ ಕೆಲಸವನ್ನೆಲ್ಲ ಹಾಕಿದೆ.

ಅರವತ್ತೊಂದು. ಥೂ.

ಅವರು ಬಗ್ಗಿ ನೋಡಿದರು. “ಕೈ ಜಾರಿರಬೇಕು ಅಕ್ಕಾ. ಇನ್ನೊಂದ್ಸಲ ಆಡಿ.”

ಬಲಗಣ್ಣು ಮುಚ್ಚಿ ಆಡಿದೆ. ತೊಂಬತ್ತಾರು. ಮತ್ತೆ ಎಡಗಣ್ಣು ಮುಚ್ಚಿ ಆಡಿದೆ. ಐವತ್ತೊಂಬತ್ತು. ಉಗುಳು ಪರದೆಯ ಮೇಲಿಂದ ಕೆಳಕ್ಕೆ ಇಳಿಯಿತು. ನನ್ನ ಬಲಗಣ್ಣು ಮುಟ್ಟಿ ತೋರಿಸಿದೆ.

“ಕೈ ಅಲ್ಲ. ಇದು. ಎರಡು ವರ್ಷದಿಂದ. ನನಗೆ ಮಾರ್ಚ್ ಇಪ್ಪತ್ತಕ್ಕೇ ಗೊತ್ತಾಗಿತ್ತು. ನೀವು ಬಂದು ಕೇಳಿದ ದಿನ ಗೊತ್ತಿದ್ದೇ ಸುಮ್ಮನಿದ್ದೆ.”

ಹೊಲಿಗೆ ಯಂತ್ರ ನಿಂತಿತು. ಅವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಿಯ ತುದಿಯಿಂದ ಪರದೆ ಒರೆಸಿದರು. ಅಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. ಮತ್ತೆ ಒರೆಸಿದರು.

“ಹಾಗಾದ್ರೆ ನನ್ನ ಬೆಳ್ಳಿ ತಂತಿ ಸರಿಯಾಗೇ ಹೇಳಿತ್ತು” ಅಂದರು. ನನ್ನನ್ನು ನೋಡಲಿಲ್ಲ.

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಅವರ ಹೆಂಡತಿ ಮಾತ್ರ ಎದ್ದು ಬಂದು ನನ್ನ ಎದುರು ನಿಂತರು.

“ಇಲ್ಲಿ ನಮ್ಮ ಮುಂದೆ ಹೇಳಿದ್ರಿ. ಸರಿ. ಇದನ್ನೇ ನಾಳೆ ಲ್ಯಾಬಲ್ಲಿ, ಇವರೂ ಇರುವಾಗ, ಓನರ್ ಮುಂದೆ ಹೇಳ್ತೀರಾ?”

ಹೇಳುತ್ತೇನೆ ಅಂದೆ. ಚಹಾ ಕೊಡಲಿಲ್ಲ. ಕೊಟ್ಟಿದ್ದರೆ ಕುಡಿಯಲು ಆಗುತ್ತಿರಲಿಲ್ಲ.

ಏಪ್ರಿಲ್ 13, ಸೋಮವಾರ. ಬೆಳಗ್ಗೆ 9.40

ಲ್ಯಾಬಿನಲ್ಲಿ, ನನ್ನ ಟೇಬಲ್ಲಿನಲ್ಲಿ. ಡೈರಿಯನ್ನು ಇಲ್ಲಿಗೆ ತಂದದ್ದು ಇದೇ ಮೊದಲು. ಕೈಗೆ ಏನಾದರೂ ಕೆಲಸ ಬೇಕು.

ಇವರು ಬಸ್‌ಸ್ಟಾಪಿನವರೆಗೆ ಬಂದಿದ್ದರು. ಕೆಲಸ ಹೋದರೆ ಏನು ಮಾಡೋಣ ಎಂದು ಕೇಳಿದೆ. ಇಬ್ಬರೂ ಕೂತು ಆಡೋಣ, ಲೆವೆಲ್ಲುಗಳಿಗೆ ಬರವಿಲ್ಲ ಅಂದರು. ನನಗೆ ಆಟವೂ ಬೇಡ, ಆ ಮುದ್ದೆಯ ಮುಖವೂ ಬೇಡ. ಆದರೂ ಬಸ್ಸು ಹತ್ತುವಾಗ ಒಂದು ಕ್ಷಣ ಇವರ ಕೈ ಹಿಡಿದುಕೊಂಡೆ.

ಶೇಡ್ ನೋಡುವವಳ ಕಣ್ಣೇ ಕೆಟ್ಟಿತ್ತು ಎಂದು ಒಬ್ಬ ಡಾಕ್ಟರಿಗೆ ಗೊತ್ತಾದರೆ ಸಂಜೆಯೊಳಗೆ ಎಲ್ಲ ಡಾಕ್ಟರುಗಳಿಗೆ ಗೊತ್ತಾಗುತ್ತದೆ. ಓನರ್ ಏನು ಹೇಳುತ್ತಾರೆ ಎಂದು ನನಗೆ ಈಗಲೇ ಗೊತ್ತು. ಸುಮ್ಮನೆ ಆಪರೇಷನ್ ಮಾಡಿಸಿಕೊಳ್ಳಿ, ಆದದ್ದು ಆಯಿತು, ಅವನು ಹೋಗಿಯಾಯಿತು ಅನ್ನುತ್ತಾರೆ. ನಾನೂ ಮೂರು ವಾರ ಅದನ್ನೇ ನನಗೆ ಹೇಳಿಕೊಂಡೆ. ಅದಕ್ಕೇ ವಾಪಸ್ ಬಂದ ಕ್ಯಾಪುಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೇನೆ. ಎಡಗಣ್ಣಿಂದ ನೋಡಿದೆ. ಒಂದೊಂದೂ ಹಳದಿ. ಯಾರ ಬಾಯಿಗೂ ಇಡುವಂಥವಲ್ಲ. ಒಂದೊಂದೂ ನಾನೇ ಬೆರೆಸಿದ್ದು.

ನಿನ್ನೆ ಮಾತಾದಂತೆ ಅವರೂ ಬಂದಿದ್ದಾರೆ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ, ಆ ತಗ್ಗಾದ ಮೆತ್ತೆಯನ್ನು ಮಡಿಲಲ್ಲಿಟ್ಟುಕೊಂಡು. ನನ್ನ ಜೊತೆ ಮಾತಿಲ್ಲ. ಹೊಸಬ ಅವರಿಗೆ ಚಹಾ ಕೊಟ್ಟ. ಬಿಸ್ಕತ್ತು ಅದ್ದಿದರು, ಅರ್ಧ ಲೋಟದೊಳಗೆ ಬಿತ್ತು, ಬೆರಳು ಹಾಕಿ ತೆಗೆದರು. ನಾನು ಈಗಲೂ ಮುಖ ತಿರುಗಿಸಿದೆ. ಈಗ ಗುನುಗುತ್ತಿದ್ದಾರೆ. ಅದೇ ಹಾಡು, ಅದೇ ಅಪಸ್ವರ. ನಿಲ್ಲಿಸಿ ಎಂದು ಹೇಳುವ ಬಾಯಿ ನನಗೆ ಇನ್ನಿಲ್ಲ.

ಓನರ್ ಬಂದರು. ಅವರನ್ನು ನೋಡಿ ಹುಬ್ಬು ಗಂಟಿಕ್ಕಿ, ಏನು ವಿಷಯ, ಒಳಗೆ ಬನ್ನಿ ಅಂದರು. ಅವರು ಮೆತ್ತೆ ಹಿಡಿದುಕೊಂಡೇ ಎದ್ದರು. ನೀವು ಕೂತಿರಿ ಅಂದೆ. ಮೊದಲು ಹೋಗಬೇಕಾದವಳು ನಾನು.